ಗುಡ್ಡೆಯ ಕೆಟ್ಟ ನೆಲಕ್ಕೆ ಬಿದಿರು: ಅಡಿಕೆ ತೋಟದ ಪಕ್ಕದಲ್ಲಿ ನೆಡಬಹುದೇ, ಎಷ್ಟು ದೂರದಲ್ಲಿ?

ಪೆರ್ಲದ ಕೃಷಿಕ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ನಮ್ಮದು ಅಡಿಕೆ ತೋಟ. ನಡುವೆ ಕಾಳುಮೆಣಸು, ಅಂಚಿನಲ್ಲಿ ತೆಂಗು. ತೋಟದ ನೆತ್ತಿಗೆ ಹೊಂದಿಕೊಂಡ ಸುಮಾರು ಎರಡು ಎಕರೆ ಇಳಿಜಾರು ಗುಡ್ಡೆಯನ್ನು ಈಚೆಗೆ ಖರೀದಿಸಿದೆವು. ಹಿಂದೆ ಅದು ಸೊಪ್ಪಿನ ಗುಡ್ಡೆ. ಬಳಿಕ ಗೇರು ಬಂತು, ಗೇರು ಹೋಗಿ ರಬ್ಬರ್ ಬಂತು. ರಬ್ಬರಿನ ಬೆಲೆ ಕುಸಿದಾಗ ಹಿಂದಿನವರು ಮರಗಳನ್ನು ಮಾರಿ, ಬುಡಗಳನ್ನು ಜೆಸಿಬಿಯಲ್ಲಿ ಕೀಳಿಸಿ, ಹಾಗೆಯೇ ಬಿಟ್ಟಿದ್ದರು. ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಈಗ ಅಲ್ಲಲ್ಲಿ ಮುರಕಲ್ಲು ಎದ್ದು ಕಾಣುತ್ತಿದೆ. ಕಮ್ಯುನಿಸ್ಟ್ ಗಿಡವೆಂಬ ಕಳೆ ಬಿಟ್ಟರೆ ಬೇರೇನೂ ಹಸಿರಾಗಿಲ್ಲ.

ತೊಂದರೆ ಗುಡ್ಡೆಗೆ ಮಾತ್ರ ಸೀಮಿತವಾಗಿಲ್ಲ. ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್) ಅಲ್ಲಿಂದ ಇಳಿಯುವ ಕೆಂಪು ನೀರು ತೋಟದ ಉಜಿರುಕಣಿಗಳನ್ನು, ಅಂದರೆ ನೀರು ಬಸಿಯುವ ಕಾಲುವೆಗಳನ್ನು, ತುಂಬಿಸುತ್ತದೆ, ಕೆಸರು ಅಡಿಕೆಯ ಬುಡದಲ್ಲಿ ನಿಲ್ಲುತ್ತದೆ. ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ನಮ್ಮ ಹಳೆಯ ಸುರಂಗದಲ್ಲಿ ಮಾರ್ಚ್ ಬರುವಾಗ ನೀರು ಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಗೆ ಕುಡಿಯುವ ನೀರನ್ನು ಲಾರಿಯಲ್ಲಿ ತರಿಸುವ ಮನೆಗಳಿವೆ ಎಂಬುದು ನನಗೆ ಈಗಲೂ ಅರಗದ ಸಂಗತಿ.

2019ರ ಜುಲೈಯಲ್ಲಿ ಕಾಸರಗೋಡು ಮತ್ತು ಮಂಜೇಶ್ವರ ಬ್ಲಾಕ್‌ಗಳ 13 ಪಂಚಾಯತುಗಳಲ್ಲಿ ಉದ್ಯೋಗ ಖಾತರಿ ಯೋಜನೆಯ ಮೂಲಕ ಮೂರು ಲಕ್ಷ ಬಿದಿರಿನ ಸಸಿ ನೆಡುವ ಕಾರ್ಯಕ್ರಮ ನಡೆದದ್ದು ನಿಮಗೆ ನೆನಪಿರಬಹುದು. ಮುರಕಲ್ಲಿನ ನೆಲವನ್ನು ಸುಧಾರಿಸಿ ಅಂತರ್ಜಲ ಹೆಚ್ಚಿಸುವುದೇ ಅದರ ಉದ್ದೇಶವಾಗಿತ್ತು. ಅಂದಿನಿಂದಲೂ ಬಿದಿರು ನನ್ನ ತಲೆಯಲ್ಲಿ ಕುಳಿತಿದೆ. ಗುಡ್ಡೆಯಲ್ಲಿ ಬಿದಿರು, ಅದರ ನಡುವೆ ಅರಶಿನ, ಕೂವೆ, ಮರಗೆಣಸು ಇಟ್ಟರೆ ಹೇಗೆ? ಯಾವ ಜಾತಿ ಒಳ್ಳೆಯದು, ಅಡಿಕೆಯಿಂದ ಎಷ್ಟು ದೂರವಿರಬೇಕು, ಸುರಂಗಕ್ಕೆ ಏನಾದೀತು, ಕೊನೆಗೆ ಕೊಳ್ಳುವವರು ಯಾರು? ಬೆಳೆಸಿ ನೋಡಿದವರು ದಯವಿಟ್ಟು ಬರೆಯಿರಿ.

ನೀರ್ಚಾಲಿನ ನಿವೃತ್ತ ಅಧ್ಯಾಪಕ

ಒಳ್ಳೆಯ ಪ್ರಶ್ನೆ. ದೂರದ ವಿಷಯದಿಂದಲೇ ಆರಂಭಿಸುತ್ತೇನೆ. ಬಿದಿರು ನೆಟ್ಟವರು ಪಶ್ಚಾತ್ತಾಪ ಪಡುವುದು ಹೆಚ್ಚಾಗಿ ಅಲ್ಲಿಯೇ.

ತ್ರಿಶ್ಶೂರಿನ ಕೇರಳ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ. ಮೋಹನ್ ಕುಮಾರ್ ಮತ್ತು ಸಂಗಡಿಗರು ಮುಳ್ಳುಬಿದಿರಿನ ಬೇರು ಎಲ್ಲಿಯವರೆಗೆ ಹೋಗುತ್ತದೆ ಎಂದು ಅಗೆದು ನೋಡಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ನಾಲ್ಕು ಮೀಟರಿಗಿಂತ ಅಗಲವಾಗಿ ಬೆಳೆದ ಮೆಳೆಗಳಲ್ಲಿ ಶೇಕಡ 83ರಷ್ಟರ ಬೇರುಗಳು ಎಂಟು ಮೀಟರ್ ದಾಟಿದ್ದವು. ಎರಡೂವರೆ ಮೀಟರಿಗಿಂತ ಕಿರಿದಾದ ಮೆಳೆಗಳಲ್ಲಿ ಅಷ್ಟು ದೂರ ಹೋದವು ಶೇಕಡ 33 ಮಾತ್ರ. ಬೇರುಗಳು ಅತಿ ಹೆಚ್ಚು ಸಿಕ್ಕಿದ್ದು ಮೇಲಿನ 10ರಿಂದ 20 ಸೆಂಟಿಮೀಟರ್ ಆಳದ ಪದರದಲ್ಲಿ. ಪೈಪೋಟಿ ಬೇಡವೆಂದಾದರೆ ಬೆಳೆಯನ್ನು ಮೆಳೆಯಿಂದ ಎಂಟೊಂಬತ್ತು ಮೀಟರ್ ಆಚೆ ಇಡಿ, ಇಲ್ಲವೇ ಮೆಳೆಯನ್ನು ಸವರಿ ಹಿಡಿತದಲ್ಲಿಡಿ ಎಂಬುದು ಅವರ ಸಲಹೆ.

ಅಡಿಕೆಯ ಬೇರೂ ಮೇಲೆಯೇ ಹರಡುವಂಥದ್ದು. ಎರಡೂ ಒಂದೇ ಪದರದ ಗೊಬ್ಬರಕ್ಕೆ ಕೈಚಾಚುತ್ತವೆ. ಆದ್ದರಿಂದ ಅಡಿಕೆಯ ಸಾಲಿನ ಒಳಗೆ ಬಿದಿರು ಸರ್ವಥಾ ಬೇಡ. ಗುಡ್ಡೆಯಲ್ಲಿ ಇಡಿ, ತೋಟದ ತಲೆಯಿಂದ ಒಂಬತ್ತು ಮೀಟರ್ ಬಿಟ್ಟು ಇಡಿ. ಆ ನಡುವಿನ ಪಟ್ಟಿಯಲ್ಲಿ ಗ್ಲಿರಿಸಿಡಿಯಾ ಹಾಕಿದರೆ ತೋಟಕ್ಕೆ ಸೊಪ್ಪೂ ಆಯಿತು.

ಪುತ್ತೂರಿನ ಬಿದಿರು ಬೆಳೆಗಾರ

ಗಡಿಯಾಚೆಯಿಂದ ಬರೆಯುತ್ತಿದ್ದೇನೆ, ನೆಲ ಒಂದೇ ತೆರನಾದುದು.

ಜಾತಿಯ ಬಗ್ಗೆ: ನಮ್ಮ ಕಡೆಯ ಹಳೆಯ ಮುಳ್ಳುಬಿದಿರನ್ನು ಕೃಷಿಭೂಮಿಗೆ ನಾನು ಹೇಳುವುದಿಲ್ಲ. ಎತ್ತರ, ದಪ್ಪ, ಬಲ ಎಲ್ಲ ಇದೆ, ಆದರೆ ಮೆಳೆಯೊಳಗೆ ಕೈ ಹಾಕಿ ಒಂದು ಗಳ ಎಳೆದು ತೆಗೆಯುವುದಕ್ಕೆ ಇಬ್ಬರು ಆಳು ದಿನವಿಡೀ ಬೇಕು. ನಾನು ಬೆಳೆಸಿರುವುದು ಡೆಂಡ್ರೊಕ್ಯಾಲಮಸ್ ಸ್ಟಾಕ್ಸಿಯೈ. ಕರ್ನಾಟಕದಲ್ಲಿ ಮಾರಿಹಾಳ ಎನ್ನುತ್ತಾರೆ, ಸಿಂಧುದುರ್ಗದ ರೈತರಿಗೆ ಅದು ಮಾಣಗಾ. ಪಶ್ಚಿಮ ಘಟ್ಟ ಮತ್ತು ಕರಾವಳಿಯದ್ದೇ ಜಾತಿ. ಮುಳ್ಳಿಲ್ಲ, ಒಳಗೆ ಬಹುಪಾಲು ಗಟ್ಟಿ, ದಪ್ಪ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್, ಎತ್ತರ ಒಂಬತ್ತು ಹತ್ತು ಮೀಟರ್. ಮೆಳೆ ಬಿಚ್ಚಿಕೊಂಡಂತೆ ಬೆಳೆಯುವುದರಿಂದ ಕತ್ತಿ ಆಡಿಸಲು ಜಾಗವಿರುತ್ತದೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಮಾಸ್ತರರು ಹೇಳಿದ ಎಂಟೊಂಬತ್ತು ಮೀಟರ್ ದೊಡ್ಡ ಮುಳ್ಳುಬಿದಿರಿನ ಲೆಕ್ಕ. ಮಾರಿಹಾಳಕ್ಕೆ ನನ್ನ ತೋಟದಲ್ಲಿ ಐದು ಮೀಟರ್ ಬಿಟ್ಟಿದ್ದೇನೆ, ಜೊತೆಗೆ ಮೆಳೆಯ ಸಾಲಿಗೂ ಅಡಿಕೆಗೂ ನಡುವೆ ಎರಡಡಿ ಅಗಲ, ಎರಡಡಿ ಆಳದ ಕಣಿ. ಬೇರು ಮೇಲ್ಪದರದಲ್ಲೇ ಇರುವುದರಿಂದ ಕಣಿ ಅದನ್ನು ತಡೆಯುತ್ತದೆ. ಆದರೆ ಕಣಿಯನ್ನು ವರ್ಷವರ್ಷ ಮಳೆಗೆ ಮೊದಲು ಬಿಡಿಸಲೇಬೇಕು. ತರಗೆಲೆ ತುಂಬಿ ಮಣ್ಣಾದರೆ ಬೇರು ಅದರ ಮೇಲೆಯೇ ದಾಟುತ್ತದೆ.

ದೇಲಂಪಾಡಿಯಿಂದ

ಪೆರ್ಲದ ಅಣ್ಣ, ನಿಮ್ಮಲ್ಲಿ ಆನೆಯ ಕಾಟ ಇದೆಯೇ? ಇಲ್ಲವೆಂದಾದರೆ ನೀವು ಪುಣ್ಯವಂತರು. ದೇಲಂಪಾಡಿ, ಕಾರಡ್ಕ, ಮುಳಿಯಾರು ಕಡೆಯಲ್ಲಿ ಕಾಡಂಚಿನ ತೋಟಗಳ ಕಥೆ ನಿಮಗೆ ತಿಳಿದದ್ದೇ. ಬಾಳೆ, ತೆಂಗಿನ ಸಸಿ, ಅಡಿಕೆ ಯಾವುದೂ ಉಳಿಯುವುದಿಲ್ಲ. ಇಂಥ ಕಡೆ ಬಿದಿರು ನೆಟ್ಟರೆ ಆನೆಗೆ ಮನೆ ಬಾಗಿಲಲ್ಲಿ ಮೇವು ಇಟ್ಟ ಹಾಗೆ. ಬಿದಿರು ಅದಕ್ಕೆ ಬಲು ಇಷ್ಟದ ಆಹಾರ. ಕಾಡಿನೊಳಗೆ ಬಿದಿರು ಬೆಳೆಯಲಿ, ಅದು ಬೇಕು, ಕಾಡಿನಲ್ಲಿ ಮೇವು ಇದ್ದರೆ ಆನೆ ಊರಿಗೆ ಬರುವುದು ಕಡಿಮೆಯಾದೀತು. ಆದರೆ ಕಾಡಂಚಿನ ತೋಟದಲ್ಲಿ ಬೇಡ. ಯೋಜನೆ ಮಾಡುವವರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಜಿಲ್ಲೆಗೆಲ್ಲ ಒಂದೇ ಸಲಹೆ ಕೊಡುವುದು ಅನ್ಯಾಯ.

ಪೆರ್ಲದ ಕೃಷಿಕ

ನಮ್ಮಲ್ಲಿ ಆನೆ ಇಲ್ಲ. ಕಾಡುಹಂದಿ ಮತ್ತು ಮುಳ್ಳುಹಂದಿ ಧಾರಾಳವಾಗಿವೆ. ನಿಮ್ಮ ಕಷ್ಟ ಓದಿ ಬೇಸರವಾಯಿತು.

ಬಾಯಾರಿನ ಗೃಹಿಣಿ

ಹಂದಿಗೂ ಮುಳ್ಳುಹಂದಿಗೂ ಕಣಿಲೆ (ಬಿದಿರಿನ ಎಳೆ ಮೊಳಕೆ) ಎಂದರೆ ಪ್ರಾಣ. ಮಳೆಗಾಲದಲ್ಲಿ ಮೊಳಕೆ ನೆಲದಿಂದ ಮೂತಿ ಹೊರಹಾಕುವಾಗಲೇ ಅಗೆದು ತಿನ್ನುತ್ತವೆ. ಮೊದಲ ಎರಡು ಮೂರು ಮಳೆಗಾಲ ಕಾವಲು ಇಲ್ಲದಿದ್ದರೆ ಮೆಳೆ ಮೇಲೇಳುವುದೇ ಇಲ್ಲ. ಗಿಡ ಬದುಕಿರುತ್ತದೆ, ಆದರೆ ಕಡ್ಡಿಯಷ್ಟು ದಪ್ಪದಲ್ಲೇ ಉಳಿಯುತ್ತದೆ.

ನಮ್ಮ ಅತ್ತೆ ಮೆಳೆಯ ಬುಡದ ಮುಳ್ಳಿನ ಬಲ್ಲೆಯನ್ನು ಯಾರಿಗೂ ಸವರಲು ಬಿಡುತ್ತಿರಲಿಲ್ಲ. ಒಣ ಮುಳ್ಳುಗೆಲ್ಲುಗಳನ್ನು ಇನ್ನಷ್ಟು ತಂದು ಬುಡಕ್ಕೆ ಒಟ್ಟುತ್ತಿದ್ದರು. ಕಣಿಲೆ ಕೀಳುವಾಗಲೂ ಒಂದು ಮೆಳೆಯಿಂದ ಎರಡೋ ಮೂರೋ, ಅದೂ ಅಂಚಿನಲ್ಲಿ ಬಂದದ್ದು ಮಾತ್ರ. ಎಲ್ಲ ಕಿತ್ತರೆ ಮುಂದಿನ ವರ್ಷಕ್ಕೆ ಗಳವೆಲ್ಲಿ?

ಹೊಸಬರಿಗೆ ಒಂದು ಮಾತು. ಕಣಿಲೆಯನ್ನು ಕಿತ್ತ ದಿನವೇ ಅಡುಗೆ ಮಾಡಬೇಡಿ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷದ ಅಂಶ ಇದೆ. ಸಣ್ಣಗೆ ಹೆಚ್ಚಿ ನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ, ಮೂರು ದಿನ ಬಿಟ್ಟು, ಬೇಯಿಸಿದ ನೀರನ್ನೂ ಚೆಲ್ಲಿ ಬಳಿಕವೇ ಪಲ್ಯ, ಗಸಿ, ಪತ್ರೊಡೆಯ ಹಿಟ್ಟಿಗೆ. ಹಿರಿಯರು ಸುಮ್ಮನೆ ಹಾಗೆ ಮಾಡುತ್ತಿರಲಿಲ್ಲ.

ನೀರ್ಚಾಲಿನ ನಿವೃತ್ತ ಅಧ್ಯಾಪಕ

ಅಕ್ಕಾ, ನಿಮ್ಮ ಅತ್ತೆಯವರ ಪದ್ಧತಿಯನ್ನು ಎಲ್ಲರೂ ಗಮನಿಸಬೇಕು. 1970ರ ದಶಕದಲ್ಲಿ ಕರ್ನಾಟಕದ ಬಿದಿರು ಏಕೆ ಕ್ಷೀಣಿಸುತ್ತಿದೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಮೆಳೆ ಒತ್ತೊತ್ತಾಗದೆ ಚೆನ್ನಾಗಿ ಬೆಳೆಯಲಿ ಎಂದು ಅರಣ್ಯ ಇಲಾಖೆ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆಸುತ್ತಿತ್ತು. ಮುಳ್ಳು ತೆಗೆದ ಮೆಳೆಗಳ ಎಳೆಯ ಮೊಳಕೆಗಳನ್ನು ದನಕರುಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತಿದ್ದವು. ಮುಳ್ಳೇ ಮೊಳಕೆಗೆ ಕಾವಲು ಎಂಬುದು ಊರಿನವರಿಗೆ ಮೊದಲೇ ಗೊತ್ತಿತ್ತು.

ಮುಳ್ಳಿಲ್ಲದ ಮಾರಿಹಾಳ ಬೆಳೆಸುವವರು ಆ ಕಾವಲನ್ನು ತಾವೇ ಕೊಡಬೇಕಾಗುತ್ತದೆ. ಕಿತ್ತ ಮುಳ್ಳುಗೆಲ್ಲನ್ನು ಬುಡಕ್ಕೆ ಇಡುವುದು ತಂತಿಬೇಲಿಗಿಂತ ಅಗ್ಗ.

ಮಂಜೇಶ್ವರದ ಓದುಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನಮ್ಮ ಊರಿನ ರಸ್ತೆ ಬದಿಯಲ್ಲಿ ಒಂದು ಸಂಸ್ಥೆಯವರು ಬಿದಿರಿನ ಸಸಿ ನೆಟ್ಟರು. ಫೋಟೊ ತೆಗೆದರು, ಭಾಷಣವಾಯಿತು, ಹೋದರು. ಮೇ ತಿಂಗಳಿಗೆ ಒಂದಕ್ಕೂ ನೀರು ಹಾಕಿದವರಿಲ್ಲ. ಆಡು ತಿಂದದ್ದು ಕೆಲವು, ಒಣಗಿದ್ದು ಉಳಿದವು. ಗಿಡ ನೆಡುವುದು ಅರ್ಧ ದಿನದ ಕೆಲಸ, ಬೆಳೆಸುವುದು ಮೂರು ವರ್ಷದ ಕೆಲಸ. ಆ ಮೂರು ವರ್ಷಕ್ಕೆ ಹಣವೂ ಆಳೂ ಇಟ್ಟುಕೊಳ್ಳದೆ ಬಿದಿರಿನ ಗುಣಗಾನ ಮಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು. ‘ಬಿದಿರು ನೆಲವನ್ನು ಫಲವತ್ತಾಗಿಸುತ್ತದೆ’ ಎಂದು ಎಲ್ಲರೂ ಬರೆಯುತ್ತಾರೆ. ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಅದೂ ಗೊಬ್ಬರ ತಿನ್ನುವ ಗಿಡವೇ ಅಲ್ಲವೇ? ಕಡಿದು ಮಾರಿದರೆ ನೆಲದ ಸಾರವೂ ಲಾರಿ ಹತ್ತುತ್ತದೆ.

ಪುತ್ತೂರಿನ ಬಿದಿರು ಬೆಳೆಗಾರ

ಮಂಜೇಶ್ವರದ ಅಣ್ಣನ ಪ್ರಶ್ನೆ ನ್ಯಾಯವಾದದ್ದು. ನನಗೆ ತಿಳಿದ ಮಟ್ಟಿಗೆ ಉತ್ತರಿಸುತ್ತೇನೆ.

ಬಿದಿರು ದ್ವಿದಳ ಸಸ್ಯವಲ್ಲ. ಹುರುಳಿ, ಗ್ಲಿರಿಸಿಡಿಯಾ, ರಬ್ಬರ್ ತೋಟದವರು ಹಾಕುವ ಮುಕುನಾ ಬಳ್ಳಿ ಇವುಗಳ ಹಾಗೆ ಗಾಳಿಯ ಸಾರಜನಕವನ್ನು ನೆಲಕ್ಕೆ ಕಟ್ಟುವ ಶಕ್ತಿ ಅದಕ್ಕೆ ಇಲ್ಲ. ಗಳ ಕಡಿದು ಸಾಗಿಸಿದಾಗ ಪೊಟ್ಯಾಷ್ ಹೋಗುವುದೂ ನಿಜ. ಹಾಗಾದರೆ ಅದು ಮಾಡುವುದೇನು? ಮೊದಲನೆಯದಾಗಿ ಮಣ್ಣು ಹೋಗದಂತೆ ಹಿಡಿಯುತ್ತದೆ. ಮೇಲ್ಪದರದಲ್ಲಿ ನಾರುಬೇರಿನ ಬಲೆ ಹೆಣೆಯುತ್ತದೆ, ಇಳಿಜಾರಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಎರಡನೆಯದು ಎಲೆ. ವರ್ಷವಿಡೀ ಉದುರುತ್ತದೆ. ಬಿದಿರಿನ ಎಲೆಯಲ್ಲಿ ಸಿಲಿಕಾ ಹೆಚ್ಚು, ಹಾಗಾಗಿ ಬೇಗ ಕರಗದು. ಬೇಗ ಗೊಬ್ಬರ ಬೇಕೆಂದವರಿಗೆ ಇದು ಕೊರತೆ. ಬರಿದಾದ ಗುಡ್ಡೆಗೆ ಅದೇ ಲಾಭ: ಹೊದಿಕೆ ಬಹುಕಾಲ ಉಳಿಯುತ್ತದೆ, ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುವುದಿಲ್ಲ, ಅಡಿಯಲ್ಲಿ ಎರೆಹುಳು ಓಡಾಡುವಷ್ಟು ತೇವ ನಿಲ್ಲುತ್ತದೆ.

ಸಾರವನ್ನು ಸೇರಿಸುವ ಕೆಲಸವನ್ನು ಬೇರೆ ಗಿಡಗಳಿಂದ ಮಾಡಿಸಬೇಕು. ಅದಕ್ಕೇ ನಾನು ಸಾಲುಗಳ ನಡುವೆ ಮೊದಲ ಮೂರು ವರ್ಷ ಹುರುಳಿ ಬಿತ್ತಿದೆ, ಗ್ಲಿರಿಸಿಡಿಯಾದ ಸೊಪ್ಪನ್ನು ಬುಡಕ್ಕೆ ಹಾಕಿದೆ. ಗಳ ಕಡಿಯುವಾಗ ಗೆಲ್ಲು, ತುದಿ, ಎಲೆ ಒಂದನ್ನೂ ಹೊರಗೆ ಬಿಡುವುದಿಲ್ಲ, ಎಲ್ಲ ಅಲ್ಲೇ ಬೀಳಬೇಕು. ಒಣ ಎಲೆಗೆ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಪೆರ್ಲದ ಕೃಷಿಕ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಅಲಹಾಬಾದಿನ (ಈಗಿನ ಪ್ರಯಾಗ್‌ರಾಜ್) ಹತ್ತಿರ ಇಟ್ಟಿಗೆಗೆ ಮಣ್ಣು ತೆಗೆದು ಹಾಳಾದ ಹೊಲಗಳನ್ನು ಬಿದಿರಿನಿಂದ ಮರಳಿ ಕೃಷಿಗೆ ತಂದರೆಂದು ಒಂದು ಕಡೆ ಕೇಳಿದ್ದೆ. ನಮ್ಮಲ್ಲಿ ಕೆಂಪುಕಲ್ಲಿನ ಕೋರೆಗಳು ಊರೂರಲ್ಲಿವೆ. ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಅದೇ ಪ್ರಯೋಗ ಮಾಡಬಹುದೇ?

ನೀರ್ಚಾಲಿನ ನಿವೃತ್ತ ಅಧ್ಯಾಪಕ

ಅದು 1990ರ ದಶಕದಲ್ಲಿ ಆರಂಭವಾದ ಕೆಲಸ. ಅಲಹಾಬಾದ್ ಬಳಿಯ ಕೋಟ್ವಾ, ರಹೀಮಾಬಾದ್ ಭಾಗದಲ್ಲಿ ಇಟ್ಟಿಗೆ ಗೂಡುಗಳಿಗಾಗಿ ಹೊಲಗಳ ಮೇಲ್ಮಣ್ಣನ್ನೇ ಅಗೆದು ಒಯ್ದಿದ್ದರು. ಅಂತರರಾಷ್ಟ್ರೀಯ ಬಿದಿರು ಮತ್ತು ಬೆತ್ತ ಸಂಸ್ಥೆಯ ಬೆಂಬಲದಿಂದ ಉತ್ಥಾನ್ ಎಂಬ ಸ್ಥಳೀಯ ಸಂಸ್ಥೆ ಅಲ್ಲಿ ಬೇರೆ ಗಿಡಗಳ ಜೊತೆಗೆ ಬಿದಿರು ನೆಡಿಸಿತು. ಎಲೆ ಉದುರಿ ಮಣ್ಣಿನ ಪದರ ಮತ್ತೆ ಕಟ್ಟಿತು, ಅಂತರ್ಜಲವೂ ಏರಿತು, ಬೆಳೆ ತೆಗೆಯುವಂತಾಯಿತು. 2007ರಲ್ಲಿ ಆ ಕೆಲಸಕ್ಕೆ ಅಲ್ಕಾನ್ ಪ್ರಶಸ್ತಿಯೂ ಬಂತು.

ಆದರೆ ಅಲ್ಲಿಯ ನೆಲವನ್ನು ಇಲ್ಲಿಯದಕ್ಕೆ ಹೋಲಿಸುವಾಗ ಎಚ್ಚರಬೇಕು. ಅದು ಗಂಗಾ ಯಮುನೆಯರ ಮೆಕ್ಕಲು. ಮೇಲಿನದು ಹೋದರೂ ಅಡಿಯಲ್ಲಿ ಮಣ್ಣೇ ಇದೆ, ಬೇರು ಇಳಿಯುತ್ತದೆ. ಕಲ್ಲು ತೆಗೆದ ನಮ್ಮ ಕೋರೆಯ ತಳದಲ್ಲಿ ಸಿಗುವುದು ಗಟ್ಟಿ ಮುರಕಲ್ಲು ಅಥವಾ ಅದರ ಕೆಳಗಿನ ಜೇಡಿ. ಅಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬಿದಿರು ನಿಂತ ನೀರನ್ನು ಸಹಿಸದು. ಕೋರೆಯ ತಳಕ್ಕಿಂತ ಅದರ ಅಂಚಿನ ಮಣ್ಣಿನ ದಿಬ್ಬದಲ್ಲಿ ನೆಡುವುದು ಮೇಲು. ಕಲ್ಲು ಕಡಿಯುವಾಗ ಮೇಲಿನ ಮಣ್ಣನ್ನು ಅಲ್ಲೇ ರಾಶಿ ಹಾಕಿರುತ್ತಾರೆ. ಬಿದಿರು ಆ ರಾಶಿಯನ್ನು ಹಿಡಿದರೆ ಅದು ಕುಸಿದು ತೋಡಿಗೆ ಇಳಿಯುವುದಾದರೂ ತಪ್ಪೀತು.

ನಮ್ಮ ಮಣ್ಣು ಹುಳಿ. ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚಿರುವುದರಿಂದ ಹಾಕಿದ ರಂಜಕವನ್ನು ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕಷ್ಟು ಸುಣ್ಣ ಅಥವಾ ಡಾಲಮೈಟ್ ಹಾಕದೆ ಬರೀ ಬಿದಿರಿನಿಂದ ಪವಾಡ ನಿರೀಕ್ಷಿಸಬಾರದು.

ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಕಾಸರಗೋಡು

ನನ್ನದೊಂದು ವಿನಂತಿ ಇದೆ. ಮುರಕಲ್ಲಿನ ಪಾರೆಗಳನ್ನೆಲ್ಲ ‘ಪಾಳುಭೂಮಿ’ ಎಂದು ಕರೆದು ಅವುಗಳ ಮೇಲೆ ಬಿದಿರು ನೆಡುವುದನ್ನು ದಯವಿಟ್ಟು ಪ್ರೋತ್ಸಾಹಿಸಬೇಡಿ.

ಗುಡ್ಡದ ತಲೆಯಲ್ಲಿರುವ ಸಮತಟ್ಟಾದ ಪಾರೆ ಬೇಸಿಗೆಯಲ್ಲಿ ಸುಟ್ಟ ಹಾಗೆ ಕಾಣುತ್ತದೆ, ನಿಜ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಒಮ್ಮೆ ಹೋಗಿ ನೋಡಿ. ಬೆರಳೆತ್ತರದ ಹುಲ್ಲು, ಬಿಳಿ ಗುಂಡಿಯಂಥ ಎರಿಯೊಕಾಲಾನ್ ಹೂಗಳು, ಓಣಂ ಹೂವಿನ ರಂಗೋಲಿಗೆ ಮಲಯಾಳಿಗಳು ಕೊಯ್ಯುವ ನೀಲಿ ಕಾಕ್ಕಪ್ಪೂ. ಕೊನೆಯದು ಕೀಟಾಹಾರಿ ಸಸ್ಯ. ಮಳೆಗಾಲದಲ್ಲಿ ಮಾತ್ರ ತುಂಬುವ ಪಳ್ಳಗಳಲ್ಲಿ ಕಪ್ಪೆಗಳು ಮೊಟ್ಟೆ ಇಡುತ್ತವೆ. ಕಣ್ಣೂರಿನ ಮಾಡಾಯಿಪ್ಪಾರದ ಹೆಸರನ್ನೇ ಹೊತ್ತ ಸಸ್ಯಪ್ರಭೇದವೂ ಇದೆ. ಇವೆಲ್ಲ ಬಿಸಿಲು ಬೇಡುವ ಗಿಡಗಳು, ಬಿದಿರಿನ ನೆರಳು ಬಿದ್ದರೆ ಉಳಿಯುವುದಿಲ್ಲ. ಪಾರೆಯ ಬಿರುಕು, ತೂತುಗಳಿಂದ ಇಂಗುವ ನೀರೇ ಕೆಳಗಿನ ಬಾವಿಗೂ ಸುರಂಗಕ್ಕೂ ಬರುವುದು. ಅಲ್ಲಿ ಹಿಟಾಚಿ ತಂದು ಗುಂಡಿ ತೋಡಿ ಗಿಡ ನೆಡುವುದು ಉಪಕಾರವಾಗದು.

ಪೆರ್ಲದವರ ಗುಡ್ಡೆ ಬೇರೆ. ಅದು ಮೊದಲು ಮರ ಇದ್ದ, ಯಂತ್ರದಿಂದ ಕೆರೆದ ಇಳಿಜಾರು. ಅಲ್ಲಿ ನೆಡುವುದಕ್ಕೆ ನನ್ನ ಪೂರ್ಣ ಸಹಮತ.

ದೇಲಂಪಾಡಿಯಿಂದ

ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ಪಾರೆಯ ಹುಲ್ಲನ್ನು ನಂಬಿ ದನ ಸಾಕಿದವರು ನಾವು. ಅದನ್ನು ಪಾಳು ಎಂದವರು ದನ ಕಟ್ಟಿದವರಲ್ಲ.

ಪೆರ್ಲದ ಕೃಷಿಕ

ಸುರಂಗದ ಬಗ್ಗೆ ಯಾರಾದರೂ ಹೇಳಿ. ಅದರ ನೀರಿನಿಂದಲೇ ನಮ್ಮ ಮನೆ ನಡೆಯುತ್ತಿದೆ. ಬಿದಿರು ನೀರು ಹೀರುತ್ತದೆ ಎಂದು ನಮ್ಮ ದೊಡ್ಡಪ್ಪ ಹೆದರಿಸುತ್ತಿದ್ದಾರೆ.

ಬಾಯಾರಿನ ಗೃಹಿಣಿ

ನಮ್ಮಲ್ಲೂ ಸುರಂಗ ಇದೆ. ದೊಡ್ಡಪ್ಪನ ಮಾತನ್ನು ತಳ್ಳಿಹಾಕಬೇಡಿ. ವೇಗವಾಗಿ ಬೆಳೆಯುವ ಯಾವ ಗಿಡವೂ ನೀರು ಕುಡಿಯದೆ ಬೆಳೆಯುವುದಿಲ್ಲ. ಸುರಂಗದ ಬಾಯಿಯ ಹತ್ತಿರ, ಅದು ಒಳಗೆ ಹೋದ ದಿಕ್ಕಿನ ನೆತ್ತಿಯ ಮೇಲೆ ಬಿದಿರು ಬೇಡ. ಅಲ್ಲಿ ಹಲಸು, ಮಾವು, ಪುನರ್ಪುಳಿ ಇರಲಿ. ನಮ್ಮ ಸುರಂಗದ ಮೇಲಿನ ಗುಡ್ಡೆಯಲ್ಲಿ ಮಾವನವರು ಅಡ್ಡ ಅಗಳು ತೋಡಿಸಿದ್ದರು, ಮಳೆನೀರು ಓಡಿಹೋಗದೆ ನಿಂತು ಇಂಗುತ್ತಿತ್ತು. ನೀರು ಹೆಚ್ಚಿಸುವುದು ಅಗಳು. ಬಿದಿರು ಆ ಅಗಳಿನ ದಿಬ್ಬ ಒಡೆಯದಂತೆ ಕಾಯುತ್ತದೆ.

ಪುತ್ತೂರಿನ ಬಿದಿರು ಬೆಳೆಗಾರ

ಅಕ್ಕನ ಮಾತಿಗೆ ಒಂದು ಸೇರ್ಪಡೆ. ಇಳಿಜಾರಿಗೆ ಅಡ್ಡವಾಗಿ ಅಗಳು ತೋಡಿ ತೆಂಗಿನ ಸಿಪ್ಪೆ ತುಂಬಿಸಿ, ಕೆಳದಿಬ್ಬದ ಮೇಲೆ ಅನಾನಸು ನೆಡುವ ಕ್ರಮವನ್ನು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಬಹಳ ವರ್ಷಗಳಿಂದ ಹೇಳುತ್ತಿದೆ. ಸಿಪ್ಪೆ ನೀರು ಹಿಡಿದಿಡುತ್ತದೆ, ಅನಾನಸು ದಿಬ್ಬ ಹಿಡಿಯುತ್ತದೆ. ನಿಮ್ಮ ಗುಡ್ಡೆಯ ಮೇಲ್ಭಾಗದ ಅಗಳುಗಳಿಗೆ ಅದನ್ನೇ ಮಾಡಿ, ಹಣ್ಣೂ ಸಿಗುತ್ತದೆ. ನಡುಭಾಗದ ಅಗಳುಗಳ ಕೆಳಗೆ ಬಿದಿರು ಬರಲಿ.

ಕುಂಬಳೆಯ ಚಪ್ಪರದ ಕೆಲಸದವರು

ಕೊಳ್ಳುವವರು ಯಾರು ಎಂದು ಕೇಳಿದ್ದಿರಿ. ನಾನು ಚಪ್ಪರ, ಶಾಮಿಯಾನ ಕೆಲಸದವನು. ಬ್ರಹ್ಮಕಲಶ, ನೇಮ, ಮದುವೆ ಕಾಲದಲ್ಲಿ ನೇರವಾದ ಗಳಕ್ಕೆ ಬೇಡಿಕೆ ಇದ್ದೇ ಇದೆ, ಆದರೆ ಕಬ್ಬಿಣದ ಪೈಪ್ ಬಂದ ಮೇಲೆ ಮೊದಲಿನಷ್ಟಿಲ್ಲ. ಅಡಿಕೆ ಕೊಯ್ಯುವ ದೋಟಿಗೂ ಹೊಸ ಹಗುರ ವಸ್ತುಗಳು ಬಂದಿವೆ. ಮೆಣಸು ಕೊಯ್ಯುವ ಏಣಿಗೆ, ತರಕಾರಿ ಚಪ್ಪರಕ್ಕೆ, ಬಾಳೆಗೆ ಊರೆ ಕೊಡಲು, ಕಟ್ಟಡದ ಕೆಲಸಕ್ಕೆ ಗಳ ಬೇಕು. ಗಟ್ಟಿಬಿದಿರು ಇದಕ್ಕೆಲ್ಲ ಒಳ್ಳೆಯದು. ಆದರೆ ಹತ್ತು ಗಳ ಇದೆ ಬನ್ನಿ ಎಂದರೆ ಯಾರೂ ವಾಹನ ತರುವುದಿಲ್ಲ. ಐದಾರು ಮನೆಯವರು ಸೇರಿ ಒಂದೇ ಅಳತೆಯ ಗಳ ಒಂದೇ ಸಲ ಕೊಡಬೇಕು.

ಎಳೆಯದನ್ನು ಕಡಿದು ತರುತ್ತಾರೆ, ಅದು ನಮಗೆ ಬೇಡ. ಮೂರು ವರ್ಷ ತುಂಬಿರಬೇಕು. ಎಳೆಯ ಗಳ, ಒಳಗಿನ ಹಿಟ್ಟಿನ ಅಂಶ ಇಳಿಯದ ಗಳ ಕುಟ್ಟೆ ಹುಳ ಹಿಡಿದು ವರ್ಷದೊಳಗೆ ಪುಡಿಯಾಗುತ್ತದೆ. ಮೊದಲು ಗಳಗಳನ್ನು ತೋಡಿನಲ್ಲೋ ಕೆರೆಯಲ್ಲೋ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ಈಗ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುವ ಕ್ರಮವೂ ಇದೆ. ಹಾಗೆ ಮಾಡಿದ ಗಳಕ್ಕೆ ಹೆಚ್ಚು ಕೊಡಲು ನಾನು ತಯಾರು.

ಮಂಜೇಶ್ವರದ ಓದುಗ

ಕೊಳ್ಳುವವರ ಮಾತು ಬಂತು, ಒಂದು ವಿಷಯ ಮರೆಯಬಾರದು. ನಮ್ಮ ಎರಡು ತಾಲೂಕುಗಳಲ್ಲಿ ಕೊರಗ ಸಮುದಾಯದವರು ತಲೆಮಾರುಗಳಿಂದ ಬುಟ್ಟಿ ಹೆಣೆಯುತ್ತ ಬಂದವರು. ಕಾಡು ಕರಗಿ, ಇರುವ ಕಾಡಿಗೂ ಪ್ರವೇಶ ಬಿಗಿಯಾಗಿ, ಬಳ್ಳಿ ಬಿದಿರು ಸಿಗದೆ ಆ ಕೆಲಸವನ್ನೇ ಬಿಟ್ಟ ಮನೆಗಳು ಎಷ್ಟೋ. ತೋಟದ ಬಿದಿರು ಅವರ ಕೈಗೆ ನ್ಯಾಯವಾದ ಬೆಲೆಗೆ ಸೇರುವ ದಾರಿ ಮಾಡಿದರೆ ಅದಕ್ಕಿಂತ ಒಳ್ಳೆಯ ಮಾರುಕಟ್ಟೆ ಯಾವುದು? ಹೆಣೆಯಲು ಒಳಗೆ ಟೊಳ್ಳಾದ, ಸೀಳಿದರೆ ಉದ್ದುದ್ದ ಬರುವ ಬಿದಿರು ಬೇಕು, ಗಟ್ಟಿಬಿದಿರಲ್ಲ. ಓಟೆ ಎಂಬ ತೆಳು ಬಿದಿರೂ ಆಗುತ್ತದೆ. ನೆಡುವ ಮೊದಲೇ ಅವರನ್ನು ಕೇಳಿ, ಯಾವುದು ಬೇಕೆಂದು ಅವರೇ ಹೇಳುತ್ತಾರೆ. ನಾವು ನೆಟ್ಟು ಆಮೇಲೆ ತೆಗೆದುಕೊಳ್ಳಿ ಎನ್ನುವುದು ಸರಿಯಲ್ಲ.

ಕುಂಬಳೆಯ ಚಪ್ಪರದ ಕೆಲಸದವರು

ಹೌದು, ಬುಟ್ಟಿಗೆ ನನ್ನ ಗಳ ನಡೆಯದು. ಎರಡೂ ಜಾತಿ ಸ್ವಲ್ಪ ಸ್ವಲ್ಪ ಇಡಿ.

ಪೆರ್ಲದ ಕೃಷಿಕ

ಹೂ ಬಿಟ್ಟರೆ ಎಲ್ಲ ಒಟ್ಟಿಗೆ ಸಾಯುತ್ತವಂತೆ, ಇಲಿಗಳ ಕಾಟ ಬರುತ್ತದಂತೆ. ಅದರ ಭಯವೂ ಇದೆ. ಕಡಿಯಲು ಅನುಮತಿ ಬೇಕೇ?

ನೀರ್ಚಾಲಿನ ನಿವೃತ್ತ ಅಧ್ಯಾಪಕ

ಮುಳ್ಳುಬಿದಿರು ನಲವತ್ತು ವರ್ಷಗಳ ಆಸುಪಾಸಿನಲ್ಲಿ ಒಮ್ಮೆಲೇ ಹೂ ಬಿಟ್ಟು ಸಾಯುವುದು ನಿಜ. ವಯನಾಡಿನ ಕಾಡುಗಳಲ್ಲಿ 2010ರ ಆಚೀಚೆ ಹಾಗಾಯಿತು. ಬಿದಿರಕ್ಕಿ ರಾಶಿರಾಶಿ ಬೀಳುವಾಗ ಇಲಿ ಹೆಚ್ಚುವುದೂ ನಿಜ. ಒಂದೇ ಬೀಜದ ತಂಡದಿಂದ ಬಂದ ಗಿಡಗಳು, ಎಲ್ಲೇ ನೆಟ್ಟರೂ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೂ ಬಿಡುತ್ತವೆ. ಹಳೆಯ ಮೆಳೆಯ ಗೆಡ್ಡೆ ತಂದು ನೆಟ್ಟರೆ ತಾಯಿಯ ವಯಸ್ಸೂ ಅದರ ಜೊತೆಗೇ ಬರುತ್ತದೆ. ಆದ್ದರಿಂದ ಮುಳ್ಳುಬಿದಿರಿನ ಸಸಿ ಕೊಳ್ಳುವಾಗ ಬೀಜ ಯಾವ ವರ್ಷದ್ದೆಂದು ಕೇಳಬೇಕು. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಬಿದಿರಿನ ದೊಡ್ಡ ಸಂಗ್ರಹವೇ ಇದೆ, ಅಲ್ಲಿ ವಿಚಾರಿಸಬಹುದು. ಮಾರಿಹಾಳ ಅಲ್ಲಲ್ಲಿ ಬಿಡಿಬಿಡಿಯಾಗಿ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ, ಹಾಗಾಗಿ ಅದನ್ನು ತುಂಡುಗಳಿಂದಲೇ ಬೆಳೆಸುತ್ತಾರೆ.

ಕಾನೂನಿನ ವಿಷಯ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ‘ಮರ’ ಎಂಬ ವ್ಯಾಖ್ಯೆಯೊಳಗೆ ಬಿದಿರೂ ಇತ್ತು. 2017ರ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟರು. ಆದರೆ ಕೇರಳಕ್ಕೆ ತನ್ನದೇ ಅರಣ್ಯ ಕಾಯ್ದೆ ಇದೆ, ಗಳವನ್ನು ತಲಪಾಡಿ ಗಡಿ ದಾಟಿಸಿ ಕರ್ನಾಟಕದಲ್ಲಿ ಮಾರುವುದಾದರೆ ಅಲ್ಲಿಯ ನಿಯಮವೂ ಅನ್ವಯಿಸುತ್ತದೆ. ಮೊದಲೇ ಎರಡೂ ಕಡೆಯ ಅರಣ್ಯ ಕಚೇರಿಯಲ್ಲಿ ಬರಹದಲ್ಲಿ ಕೇಳಿಟ್ಟುಕೊಳ್ಳಿ. ರಾಷ್ಟ್ರೀಯ ಬಿದಿರು ಮಿಷನ್‌ನ ಸಹಾಯಧನ ಈ ವರ್ಷ ಲಭ್ಯವಿದೆಯೇ ಎಂದು ಕೃಷಿಭವನದಲ್ಲಿ ವಿಚಾರಿಸಿ. ಅದು ಕಂತುಗಳಲ್ಲಿ ಬರುವುದರಿಂದ ಗಿಡ ಬದುಕಿಸಿದವರಿಗೆ ಮಾತ್ರ ಪೂರ್ತಿ ಸಿಗುತ್ತದೆ. ಮಂಜೇಶ್ವರದವರ ಸಿಟ್ಟಿಗೆ ಇದು ಸ್ವಲ್ಪ ಸಮಾಧಾನವಾದೀತು.

ಪೆರ್ಲದ ಕೃಷಿಕ

ಎಲ್ಲರ ಮಾತು ಕೇಳಿ ಮನೆಯಲ್ಲಿ ಕುಳಿತು ಒಂದು ನಕ್ಷೆ ಮಾಡಿದೆವು. ಗುಡ್ಡೆಯ ಮೇಲ್ಭಾಗದಲ್ಲಿ ಸಿಪ್ಪೆ ತುಂಬಿದ ಅಗಳು ಮತ್ತು ಅನಾನಸು. ಸುರಂಗ ಹೋದ ಸಾಲನ್ನು ದೊಡ್ಡಪ್ಪ ಗುರುತಿಸಿಕೊಟ್ಟಿದ್ದಾರೆ, ಅದರ ಮೇಲೆ ಹಲಸು ಮತ್ತು ಪುನರ್ಪುಳಿ ಮಾತ್ರ. ನಡುಭಾಗದಲ್ಲಿ ಇಳಿಜಾರಿಗೆ ಅಡ್ಡವಾಗಿ ಮಾರಿಹಾಳದ ಸಾಲುಗಳು, ಗಿಡದಿಂದ ಗಿಡಕ್ಕೆ ನಾಲ್ಕು ಮೀಟರ್, ಸಾಲಿನಿಂದ ಸಾಲಿಗೆ ಎಂಟು ಮೀಟರ್. ನಡುವಿನ ಜಾಗದಲ್ಲಿ ಮೊದಲ ವರ್ಷ ಹುರುಳಿ ಮಾತ್ರ. ಮರಗೆಣಸು ಬೇಡವೆಂದು ತಾಯಿಯವರು ಹೇಳಿದರು: ಅದನ್ನು ಕೀಳುವಾಗ ಇಳಿಜಾರಿನ ಮಣ್ಣು ಮತ್ತೆ ಸಡಿಲವಾಗುತ್ತದೆ, ಹಂದಿಯೂ ಬರುತ್ತದೆ. ನೆರಳು ಬಂದ ಮೇಲೆ ಕೂವೆ, ಅರಶಿನ ನೋಡೋಣ. ತೋಟದ ತಲೆಯಲ್ಲಿ ಕಣಿ, ಕಣಿಯ ಈಚೆ ಗ್ಲಿರಿಸಿಡಿಯಾ. ಹೆಣೆಯುವ ಬಿದಿರಿನ ಬಗ್ಗೆ ನಮ್ಮ ಹತ್ತಿರದ ಕೊರಗ ಮನೆಯ ಹಿರಿಯರೊಡನೆ ಮಾತನಾಡಿದೆ, ಮೂಲೆಯಲ್ಲಿ ಯಾವುದನ್ನು ಇಡಬೇಕೆಂದು ಅವರು ಬಂದು ನೋಡಿ ಹೇಳುತ್ತಾರೆ. ನಕ್ಷೆಯಲ್ಲಿ ಏನಾದರೂ ತಪ್ಪಿದೆಯೇ?

ನೀರ್ಚಾಲಿನ ನಿವೃತ್ತ ಅಧ್ಯಾಪಕ

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮರಗೆಣಸಿನ ವಿಷಯ ನಮಗಾರಿಗೂ ಹೊಳೆದಿರಲಿಲ್ಲ. ಹುರುಳಿಯನ್ನು ಮಳೆ ಜೋರಾಗಿರುವಾಗ ಬಿತ್ತಬೇಡಿ, ಸೆಪ್ಟೆಂಬರ್ ಕೊನೆಗೆ ಬಿತ್ತಿ. ಜೂನ್ ಜುಲೈಯಲ್ಲಿ ನೆಲ ಬರಿದಾಗಿರಬಾರದು, ಆಗ ಕಮ್ಯುನಿಸ್ಟ್ ಗಿಡವನ್ನೇ ಬುಡಸಮೇತ ಕೀಳದೆ ಸವರಿ ಹಾಸಿ.

ಪುತ್ತೂರಿನ ಬಿದಿರು ಬೆಳೆಗಾರ

ನಕ್ಷೆ ಚೆನ್ನಾಗಿದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಮೇ ತಿಂಗಳಲ್ಲೇ ತೋಡಿಸಿ, ಕಾರ್ತೆಲ್ ತಿಂಗಳ (ಜೂನ್ ಜುಲೈ) ಮೊದಲ ಮಳೆ ನಿಂತ ಮೇಲೆ ನೆಡಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ಮೂರನೆಯ ವರ್ಷದಿಂದ ಬುಡಕ್ಕೆ ಮಣ್ಣು ಏರಿಸಿ, ಗೆಡ್ಡೆ ಮೇಲೆದ್ದು ಬಿಸಿಲಿಗೆ ಬೀಳಬಾರದು. ಕಡಿಯುವ ಕೆಲಸ ಮಳೆ ಮುಗಿದ ಮೇಲೆ, ನೆಲದಿಂದ ಒಂದು ಗಿಣ್ಣು ಬಿಟ್ಟು, ಹಳೆಯದನ್ನು ಮಾತ್ರ. ಹೊಸ ಗಳ ತಾಯಿಗಳದ ಆಸರೆಯಲ್ಲೇ ಬೆಳೆಯುವುದು, ಎಲ್ಲ ಬೋಳಿಸಿದರೆ ಮೆಳೆ ಬಡವಾಗುತ್ತದೆ.

ಸಸಿ ಕೊಳ್ಳುವಾಗ ಇದೊಂದನ್ನು ನೋಡಿ. ತುಂಡಿನಿಂದ ಬೆಳೆಸಿದ ಮಾರಿಹಾಳಕ್ಕೆ ಚಿಗುರೂ ಬೇರೂ ಬೇಗ ಬರುತ್ತವೆ, ಆದರೆ ಅಡಿಯಲ್ಲಿ ಗೆಡ್ಡೆ ಕಟ್ಟಿರುವುದಿಲ್ಲ. ಅಂಥದ್ದನ್ನು ನೆಟ್ಟರೆ ಒಂದು ವರ್ಷ ಹಸಿರಾಗಿದ್ದು ಸಾಯುತ್ತದೆ, ಜನ ನೆಲವನ್ನು ದೂರುತ್ತಾರೆ. ಸಸಿಯ ಪ್ಲಾಸ್ಟಿಕ್ ಚೀಲದ ಮಣ್ಣಿನಿಂದ ಹಳೆಯ ತುಂಡಿನ ಪಕ್ಕದಲ್ಲಿ ಹೊಸ ಮೊಳಕೆ ಮೇಲೆ ಬಂದಿದ್ದರೆ ಗೆಡ್ಡೆ ಕಟ್ಟಿದೆ ಎಂದು ಅರ್ಥ. ಅಂಥವನ್ನೇ ಆರಿಸಿ, ಉಳಿದವನ್ನು ನರ್ಸರಿಯಲ್ಲೇ ಬಿಟ್ಟು ಬನ್ನಿ.